ಒಂದೇ ಮನೆಯ ಆರು ಜನರಲ್ಲಿ ಒಬ್ಬರಿಗೆ ಮಾತ್ರ ಟಿಬಿ ಏಕೆ? ಪುಟ್ಟ ಆರ್‌ಎನ್‌ಎಗಳು ಹೇಳುವ ಕತೆ

ಬಳ್ಳಾರಿ ಸೀಮೆಯಲ್ಲಿ 'ಟಿಬಿ' ಎಂದರೆ ಮೊದಲು ನೆನಪಾಗುವುದು ಹೊಸಪೇಟೆಯ ಟಿಬಿ ಡ್ಯಾಂ, ಅಂದರೆ ತುಂಗಭದ್ರಾ ಅಣೆಕಟ್ಟು. ಇನ್ನೊಂದು ಟಿಬಿಯ ಹೆಸರನ್ನು ಜನ ದನಿ ತಗ್ಗಿಸಿ ಹೇಳುತ್ತಾರೆ. ಅದು ಕ್ಷಯ. ಆರೋಗ್ಯದ ಮಾಹಿತಿ ಜನರಿಗೆ ಹೇಗೆ ತಲುಪುತ್ತದೆ ಎಂಬುದು ನಮ್ಮ ಅಧ್ಯಯನದ ವಿಷಯ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಕಡೆ ಟಿಬಿ ಬಗ್ಗೆ ಮಾತು ತೆಗೆದರೆ ನಮಗೆ ಎದುರಾಗುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮನೆಯಾಗ ಆರು ಮಂದಿ ಇದೀವಿ. ಉಣ್ಣೋ ಅನ್ನ ಒಂದೇ, ಮಲಗೋ ಕೋಣೆ ಒಂದೇ. ಇವಳಿಗೊಬ್ಬಳಿಗೇ ಯಾಕ ಬಂತು?"

ಇದು ಒಳ್ಳೆಯ ಪ್ರಶ್ನೆ. ಆದರೆ ಇದಕ್ಕೆ ಸಿಗುವ ಉತ್ತರಗಳು ಬಹಳ ಸಲ ಕೆಟ್ಟದಾಗಿರುತ್ತವೆ. 'ಅವರ ತವರಿನ ರಕ್ತದಲ್ಲೇ ಇದೆ', 'ಪೂರ್ವಜನ್ಮದ ಕರ್ಮ', 'ಯಾರದೋ ಶಾಪ', 'ಅವನ ನಡತೆ ಸರಿ ಇಲ್ಲ'. ಇಂಥ ಮಾತಿಗೆ ಹೆದರಿ ಕಾಯಿಲೆ ಮುಚ್ಚಿಡುವವರಿದ್ದಾರೆ. ಸೊಸೆಯನ್ನು ತವರಿಗೆ ಕಳಿಸುವವರಿದ್ದಾರೆ. ಔಷಧಿ ಶುರು ಮಾಡುವುದು ತಡವಾದಷ್ಟೂ ಮನೆಯ ಉಳಿದವರಿಗೂ ಅಪಾಯ ಹೆಚ್ಚು.

ಹಾಗಾದರೆ ವಿಜ್ಞಾನದ ಉತ್ತರ ಏನು? ಉತ್ತರ ಒಂದೇ ಅಲ್ಲ, ಹಲವು ಸೇರಿವೆ. ಅದರಲ್ಲಿ ಈಚಿನ ಎರಡು ದಶಕಗಳಲ್ಲಿ ಬಯಲಾದ ಒಂದು ಭಾಗ ಬಹಳ ಕುತೂಹಲದ್ದು. ನಮ್ಮ ರೋಗನಿರೋಧಕ ಕೋಶಗಳ ಒಳಗೆ ಪ್ರೋಟೀನ್ ತಯಾರಿಸದ, ಆದರೆ ಪ್ರೋಟೀನ್ ತಯಾರಿಕೆಯನ್ನು ಏರಿಳಿಸುವ ಆರ್‌ಎನ್‌ಎ ಅಣುಗಳಿವೆ. ಟಿಬಿ ಕ್ರಿಮಿಗೂ ನಮ್ಮ ದೇಹಕ್ಕೂ ನಡೆಯುವ ಜಗ್ಗಾಟದ ಒಂದು ಕಣ ಅಲ್ಲಿದೆ. ಬನ್ನಿ, ಹಂತ ಹಂತವಾಗಿ ನೋಡೋಣ.

ಸೋಂಕು ಬೇರೆ, ಕಾಯಿಲೆ ಬೇರೆ

ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕು. 'ಒಬ್ಬರಿಗೆ ಮಾತ್ರ ಬಂತು' ಎನ್ನುವಾಗ ನಾವು ಕಾಯಿಲೆಯನ್ನು ಲೆಕ್ಕ ಹಾಕುತ್ತೇವೆ, ಕ್ರಿಮಿಯನ್ನಲ್ಲ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಗಾಳಿಗೆ ಸೇರುವ ಸೂಕ್ಷ್ಮ ಹನಿಗಳನ್ನು ಅದೇ ಕೋಣೆಯಲ್ಲಿರುವ ಎಲ್ಲರೂ ಉಸಿರಾಡುತ್ತಾರೆ. ಹಾಗಾಗಿ ಆ ಆರು ಜನರಲ್ಲಿ ಮೂರ್ನಾಲ್ಕು ಜನರ ಎದೆಗೆ ಕ್ರಿಮಿ ಹೋಗಿದ್ದರೂ ಆಶ್ಚರ್ಯವಿಲ್ಲ. ಅವರಲ್ಲಿ ಹೆಚ್ಚಿನವರ ದೇಹ ಅದನ್ನು ಕಟ್ಟಿಹಾಕಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಜನಸಂಖ್ಯೆಯ ಸುಮಾರು ಕಾಲು ಭಾಗಕ್ಕೆ ಟಿಬಿ ಬ್ಯಾಕ್ಟೀರಿಯಾದ ಸೋಂಕು ತಗುಲಿದೆ. ಅವರಲ್ಲಿ ಜೀವನದ ಯಾವುದೋ ಹಂತದಲ್ಲಿ ಕಾಯಿಲೆ ಬೀಳುವವರು ಶೇ 5ರಿಂದ 10ರಷ್ಟು ಮಾತ್ರ.

ಇದಕ್ಕೆ ನಮ್ಮ ರಾಜ್ಯದ್ದೇ ಹಳೆಯ ಸಾಕ್ಷ್ಯವಿದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಚರ್ಮದ ಪರೀಕ್ಷೆಯಲ್ಲಿ ಸೋಂಕಿನ ಗುರುತು ಕಂಡದ್ದು ನೂರಕ್ಕೆ ಸುಮಾರು 38 ಜನರಲ್ಲಿ. ಕಫದಲ್ಲಿ ಕ್ರಿಮಿ ಕಂಡದ್ದು ಸಾವಿರಕ್ಕೆ ಸುಮಾರು 4 ಜನರಲ್ಲಿ. ನೂರಕ್ಕೆ 38 ಎಲ್ಲಿ, ಸಾವಿರಕ್ಕೆ 4 ಎಲ್ಲಿ! ನಡುವಿನ ಇಷ್ಟು ದೊಡ್ಡ ಅಂತರ ನಮ್ಮ ರೋಗನಿರೋಧಕ ವ್ಯವಸ್ಥೆಯ ಕೆಲಸ.

ಹಾಗಾಗಿ ನಿಜವಾದ ಪ್ರಶ್ನೆ ಇದು: ಉಳಿದವರ ದೇಹ ಕಟ್ಟಿಹಾಕಿದ್ದನ್ನು ಒಬ್ಬರ ದೇಹ ಏಕೆ ಕಟ್ಟಿಹಾಕಲಾಗಲಿಲ್ಲ?

ಎದೆಯೊಳಗೆ ನಡೆಯುವುದೇನು?

ಉಸಿರಿನ ಜೊತೆ ಒಳಹೋದ ಕ್ರಿಮಿ ಶ್ವಾಸಕೋಶದ ಗಾಳಿಚೀಲಗಳನ್ನು ತಲುಪುತ್ತದೆ. ಅಲ್ಲಿ ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳಿವೆ. ದೂಳು, ಸತ್ತ ಕೋಶ, ಬ್ಯಾಕ್ಟೀರಿಯಾ, ಏನು ಸಿಕ್ಕರೂ ನುಂಗಿ ಅರಗಿಸುವುದು ಇವುಗಳ ಕೆಲಸ. ಟಿಬಿ ಕ್ರಿಮಿಯನ್ನೂ ನುಂಗುತ್ತವೆ. ತೊಂದರೆ ಶುರುವಾಗುವುದೇ ಇಲ್ಲಿ.

ಸಾಮಾನ್ಯವಾಗಿ ನುಂಗಿದ ಬ್ಯಾಕ್ಟೀರಿಯಾ ಒಂದು ಚೀಲದಲ್ಲಿ ಬಂದಿಯಾಗಿರುತ್ತದೆ. ಆ ಚೀಲ ಆಮ್ಲ ಮತ್ತು ಕಿಣ್ವ ತುಂಬಿದ ಇನ್ನೊಂದು ಚೀಲದ ಜೊತೆ ಕೂಡಿಕೊಂಡಾಗ ಬ್ಯಾಕ್ಟೀರಿಯಾ ಕರಗಿಹೋಗುತ್ತದೆ. ಟಿಬಿ ಕ್ರಿಮಿ ಈ ಕೂಡುವಿಕೆಯನ್ನೇ ತಡೆಯುತ್ತದೆ. ತನ್ನನ್ನು ಕೊಲ್ಲಬೇಕಾದ ಕೋಶದೊಳಗೇ ಮನೆ ಮಾಡಿಕೊಳ್ಳುತ್ತದೆ. ಅದಕ್ಕೆ ಆತುರವೂ ಇಲ್ಲ. ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲವಿದ್ದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಟಿಬಿ ಕ್ರಿಮಿ ಎರಡಾಗಲು ಸುಮಾರು ಒಂದು ದಿನ ತೆಗೆದುಕೊಳ್ಳುತ್ತದೆ.

ದೇಹವೂ ಸುಮ್ಮನಿರುವುದಿಲ್ಲ. ಸೋಂಕಾದ ಕೋಶದಿಂದ ಟಿಎನ್‌ಎಫ್ ಎಂಬ ಪ್ರೋಟೀನ್ ಹೊರಟು ಬೇರೆ ಕೋಶಗಳನ್ನು ಎಚ್ಚರಿಸುತ್ತದೆ. ಕೆಲವು ವಾರಗಳಲ್ಲಿ ಟಿ ಕೋಶಗಳು ಬಂದು ಇಂಟರ್‌ಫೆರಾನ್ ಗಾಮಾ ಎಂಬ ಇನ್ನೊಂದು ಪ್ರೋಟೀನನ್ನು ಸುರಿಯುತ್ತವೆ. ಅದು ತಗುಲಿದ ಮ್ಯಾಕ್ರೊಫೇಜ್‌ಗೆ ಕೊಲ್ಲುವ ಶಕ್ತಿ ಹೆಚ್ಚುತ್ತದೆ. ಇವೆಲ್ಲ ಸೇರಿ ಕ್ರಿಮಿಯ ಸುತ್ತ ಗಂಟಿನಂಥ ಕೋಟೆ ಕಟ್ಟುತ್ತವೆ. ಕೋಟೆ ಗಟ್ಟಿ ಇದ್ದರೆ ಸೋಂಕಿದ್ದೂ ಕಾಯಿಲೆ ಇಲ್ಲ. ಕೋಟೆ ಒಡೆದರೆ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ.

ಟಿಎನ್‌ಎಫ್ ಎಷ್ಟು, ಇಂಟರ್‌ಫೆರಾನ್ ಎಷ್ಟು, ಯಾವಾಗ, ಎಷ್ಟು ಹೊತ್ತು? ಈ ಲೆಕ್ಕ ಇಟ್ಟುಕೊಳ್ಳುವವರಲ್ಲಿ ನಮ್ಮ ಕಥಾನಾಯಕರೂ ಇದ್ದಾರೆ.

'ಕೋಡ್ ಮಾಡದ' ಆರ್‌ಎನ್‌ಎ ಅಂದರೆ ಏನು?

ಶಾಲೆಯ ಪಾಠ ನೆನಪಿಸಿಕೊಳ್ಳಿ. ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ಸೂಚನೆ ಇರುತ್ತದೆ. ಬೇಕಾದಾಗ ಆ ಸೂಚನೆಯ ಒಂದು ನಕಲು ತಯಾರಾಗುತ್ತದೆ. ಅದು ಸಂದೇಶವಾಹಕ ಆರ್‌ಎನ್‌ಎ. ಕೋಶದ ಕಾರ್ಖಾನೆ ಆ ನಕಲನ್ನು ಓದಿ ಪ್ರೋಟೀನ್ ಕಟ್ಟುತ್ತದೆ.

ಆದರೆ ಮನುಷ್ಯರ ಡಿಎನ್‌ಎಯಲ್ಲಿ ಪ್ರೋಟೀನ್ ಸೂಚನೆ ಇರುವ ಭಾಗ ಶೇ 2ಕ್ಕಿಂತ ಕಡಿಮೆ. ಉಳಿದದ್ದನ್ನು ಒಂದು ಕಾಲದಲ್ಲಿ 'ಕಸ' ಎಂದೇ ಕರೆದವರಿದ್ದರು. ಆ ಉಳಿದ ಭಾಗದಿಂದಲೂ ಸಾಕಷ್ಟು ಆರ್‌ಎನ್‌ಎ ತಯಾರಾಗುತ್ತದೆ ಎಂಬುದು ಈಗ ಗೊತ್ತಾಗಿದೆ. ಇವುಗಳಿಂದ ಪ್ರೋಟೀನ್ ಆಗುವುದಿಲ್ಲ. ಅದಕ್ಕೇ 'ಕೋಡ್ ಮಾಡದ ಆರ್‌ಎನ್‌ಎ' ಎಂಬ ಹೆಸರು. ಹಾಗೆಂದು ಇವೆಲ್ಲ ಕೆಲಸಕ್ಕೆ ಬಾರದವಲ್ಲ.

ಇವುಗಳಲ್ಲಿ ಎರಡು ಗುಂಪು ನಮಗೆ ಇಲ್ಲಿ ಮುಖ್ಯ. ಒಂದು, ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋ ಆರ್‌ಎನ್‌ಎ. ಇನ್ನೊಂದು, 200 ಅಕ್ಷರಗಳಿಗಿಂತ ಉದ್ದವಿರುವ, ಕೆಲವೊಮ್ಮೆ ಸಾವಿರಾರು ಅಕ್ಷರಗಳಿರುವ ಉದ್ದನೆಯ ಆರ್‌ಎನ್‌ಎ.

ಮೊದಲ ಮೈಕ್ರೋ ಆರ್‌ಎನ್‌ಎ ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಇದನ್ನು ವಿವರಿಸಿದಾಗ ಹುಳುವಿನ ವಿಚಿತ್ರ ಎಂದುಕೊಂಡು ಹೆಚ್ಚಿನವರು ಸುಮ್ಮನಾದರು. 2000ದಲ್ಲಿ ರುವ್‌ಕುನ್ ತಂಡ ಕಂಡುಹಿಡಿದ ಇನ್ನೊಂದು ಮೈಕ್ರೋ ಆರ್‌ಎನ್‌ಎ ಮನುಷ್ಯರಲ್ಲೂ ಇತ್ತು. ಆಮೇಲೆ ಚಿತ್ರವೇ ಬದಲಾಯಿತು. ಮನುಷ್ಯರಲ್ಲಿ ಸಾವಿರಕ್ಕೂ ಹೆಚ್ಚು ಮೈಕ್ರೋ ಆರ್‌ಎನ್‌ಎ ಜೀನ್‌ಗಳಿವೆ. ಇಬ್ಬರಿಗೂ 2024ರ ವೈದ್ಯಕೀಯ ನೊಬೆಲ್ ಬಂತು.

ತೂಬಿನ ಗೇಟಿನ ಲೆಕ್ಕ

ಮೈಕ್ರೋ ಆರ್‌ಎನ್‌ಎ ಮಾಡುವ ಕೆಲಸ ಸಿರುಗುಪ್ಪದ ಭತ್ತದ ರೈತರಿಗೆ ಬೇಗ ಅರ್ಥವಾಗುತ್ತದೆ. ಡ್ಯಾಂ ತುಂಬಿದ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ. ಎಲ್‌ಎಲ್‌ಸಿ ಕಾಲುವೆಯಲ್ಲಿ ನೀರು ಹರಿಯಬೇಕು, ಉಪಕಾಲುವೆಯ ಗೇಟು ಎಷ್ಟು ಎತ್ತಿದ್ದಾರೆ ಎಂಬುದೂ ಸರಿಯಿರಬೇಕು. ಗೇಟು ಇಳಿಸಿದ್ದರೆ ಕೊನೆಯ ಭಾಗದ ಗದ್ದೆ ಒಣಗುತ್ತದೆ.

ಇಲ್ಲಿ ಡ್ಯಾಂ ಅಂದರೆ ಡಿಎನ್‌ಎ. ಕಾಲುವೆಯ ನೀರು ಸಂದೇಶವಾಹಕ ಆರ್‌ಎನ್‌ಎ. ಬೆಳೆ ಪ್ರೋಟೀನ್. ನಡುವೆ ಗೇಟು ಇಳಿಸುವುದು ಮೈಕ್ರೋ ಆರ್‌ಎನ್‌ಎ. ಅದು ತನಗೆ ಹೊಂದುವ ಅಕ್ಷರಗಳಿರುವ ಸಂದೇಶಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ ಸಂದೇಶವನ್ನು ಕಾರ್ಖಾನೆ ಓದಲಾಗುವುದಿಲ್ಲ, ಎಷ್ಟೋ ಸಲ ಆ ಸಂದೇಶವೇ ಚೂರಾಗುತ್ತದೆ. ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಸಂದೇಶಗಳ ಮೇಲೆ ಪರಿಣಾಮ ಬೀರಬಲ್ಲದು. ಒಂದೇ ಸಂದೇಶಕ್ಕೆ ಹಲವು ಮೈಕ್ರೋ ಆರ್‌ಎನ್‌ಎಗಳೂ ಅಂಟಬಲ್ಲವು.

ಹೋಲಿಕೆ ಇಲ್ಲಿಗೆ ಸಾಕು. ಕಾಲುವೆಯ ಗೇಟಿಗೆ ಒಬ್ಬರು ಮನುಷ್ಯರು ಬೇಕು. ಕೋಶದಲ್ಲಿ ಯಾರೂ ಕುಳಿತು ತೀರ್ಮಾನಿಸುವುದಿಲ್ಲ. ಸೋಂಕು, ಆಹಾರ, ಬೇರೆ ಕಾಯಿಲೆ ಇವೆಲ್ಲ ಸೇರಿ ಯಾವ ಮೈಕ್ರೋ ಆರ್‌ಎನ್‌ಎ ಎಷ್ಟು ತಯಾರಾಗಬೇಕು ಎಂಬುದನ್ನು ನಿರ್ಧರಿಸುತ್ತವೆ.

ಗೇಟಿನ ಚಕ್ರ ಕ್ರಿಮಿಯ ಕೈಗೆ ಸಿಕ್ಕರೆ?

ಟಿಬಿ ಕ್ರಿಮಿ ಮಾಡುವುದು ಇದನ್ನೇ. ನಮ್ಮ ಕೋಶದ್ದೇ ಗೇಟುಗಳನ್ನು ತನಗೆ ಬೇಕಾದ ಕಡೆ ತಿರುಗಿಸಿಕೊಳ್ಳುತ್ತದೆ. ಮೂರು ಉದಾಹರಣೆ ನೋಡೋಣ.

ಮೊದಲನೆಯದು ಮೈಕ್ರೋ ಆರ್‌ಎನ್‌ಎ-33. ಕೋಶ ತನ್ನೊಳಗಿನ ಹಾಳಾದ ಭಾಗಗಳನ್ನು, ಒಳಹೊಕ್ಕ ಕ್ರಿಮಿಗಳನ್ನು ಸುತ್ತಿಕಟ್ಟಿ ಅರಗಿಸುವ ಒಂದು ವ್ಯವಸ್ಥೆ ಇದೆ. ಅದಕ್ಕೆ ಆಟೋಫೇಜಿ ಎನ್ನುತ್ತಾರೆ. ಟಿಬಿ ಕ್ರಿಮಿ ಮ್ಯಾಕ್ರೊಫೇಜ್ ಒಳಗೆ ಮೈಕ್ರೋ ಆರ್‌ಎನ್‌ಎ-33ನ್ನು ಹೆಚ್ಚಿಸಿ ಈ ವ್ಯವಸ್ಥೆಯನ್ನು ತಗ್ಗಿಸುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜೊತೆಗೆ ಕೋಶದಲ್ಲಿ ಕೊಬ್ಬು ಶೇಖರವಾಗುವಂತೆಯೂ ಮಾಡುತ್ತದೆ. ಆ ಕೊಬ್ಬು ಕ್ರಿಮಿಗೆ ಆಹಾರ. ಪ್ರಯೋಗದಲ್ಲಿ ಮೈಕ್ರೋ ಆರ್‌ಎನ್‌ಎ-33ನ್ನು ತಡೆದಾಗ ಮ್ಯಾಕ್ರೊಫೇಜ್‌ಗಳು ಕ್ರಿಮಿಯನ್ನು ಹೆಚ್ಚು ಚೆನ್ನಾಗಿ ಕೊಂದವು.

ಎರಡನೆಯದು ಮೈಕ್ರೋ ಆರ್‌ಎನ್‌ಎ-125ಬಿ. ಎಚ್ಚರಿಕೆ ಸಾರುವ ಟಿಎನ್‌ಎಫ್ ಬಗ್ಗೆ ಮೇಲೆ ಹೇಳಿದೆವು. ಟಿಬಿ ಕ್ರಿಮಿಯ ಮೇಲ್ಪದರದಲ್ಲಿ ಲಿಪೋಮ್ಯಾನನ್ ಎಂಬ ವಸ್ತುವಿದೆ. ಅದು ಮ್ಯಾಕ್ರೊಫೇಜ್‌ಗಳಲ್ಲಿ 125ಬಿಯನ್ನು ಹೆಚ್ಚಿಸಿ ಟಿಎನ್‌ಎಫ್ ತಯಾರಿಯನ್ನು ಕುಗ್ಗಿಸುತ್ತದೆ ಎಂದು 2011ರಲ್ಲಿ ಮನುಷ್ಯರ ಕೋಶಗಳಲ್ಲಿ ಕಂಡುಕೊಂಡರು. ಇದೇ ಜಾತಿಯ, ಆದರೆ ಸಾಮಾನ್ಯವಾಗಿ ಕಾಯಿಲೆ ತರದ ಒಂದು ಬ್ಯಾಕ್ಟೀರಿಯಾದ ಲಿಪೋಮ್ಯಾನನ್ ಹಾಕಿ ನೋಡಿದಾಗ ಟಿಎನ್‌ಎಫ್ ಚೆನ್ನಾಗಿಯೇ ತಯಾರಾಯಿತು.

ಮೂರನೆಯದು ಮೈಕ್ರೋ ಆರ್‌ಎನ್‌ಎ-29. ಇದು ಇಂಟರ್‌ಫೆರಾನ್ ಗಾಮಾದ ಸಂದೇಶಕ್ಕೆ ಅಂಟುವ ಗೇಟು. ಚೀನಾದ ಸಂಶೋಧಕರು 2011ರಲ್ಲಿ ಇಲಿಗಳಲ್ಲಿ ಇದನ್ನು ತಡೆದಾಗ ಇಂಟರ್‌ಫೆರಾನ್ ಹೆಚ್ಚಾಯಿತು. ಟಿಬಿ ಕ್ರಿಮಿಯ ಸಂಬಂಧಿಯಾದ ಬಿಸಿಜಿ ಬ್ಯಾಕ್ಟೀರಿಯಾವನ್ನು ಆ ಇಲಿಗಳು ಹೆಚ್ಚು ಚೆನ್ನಾಗಿ ಎದುರಿಸಿದವು.

ಮೈಕ್ರೋ ಆರ್‌ಎನ್‌ಎ ಮಾತ್ರವಲ್ಲ, ಉದ್ದನೆಯ ಆರ್‌ಎನ್‌ಎಗಳೂ ಇದರಲ್ಲಿವೆ. ಸಕ್ರಿಯ ಟಿಬಿ ಇರುವವರ ಸಿಡಿ8 ಎಂಬ ಟಿ ಕೋಶಗಳಲ್ಲಿ ಸಿಡಿ244 ಹೆಸರಿನ ಸಂಕೇತದ ಜೊತೆ ಒಂದು ಉದ್ದನೆಯ ಆರ್‌ಎನ್‌ಎ ಹೆಚ್ಚಾಗುತ್ತದೆ ಎಂದು 2015ರಲ್ಲಿ ವರದಿಯಾಯಿತು. ಇದು ಕಾಲುವೆಯ ಮಟ್ಟದಲ್ಲಲ್ಲ, ಡ್ಯಾಮಿನ ಮಟ್ಟದಲ್ಲೇ ಕೆಲಸ ಮಾಡುತ್ತದೆ. ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್‌ಎಫ್ ಜೀನ್‌ಗಳಿರುವ ಜಾಗದಲ್ಲಿ ಡಿಎನ್‌ಎ ಬಿಗಿಯಾಗಿ ಸುತ್ತಿಕೊಳ್ಳುವಂತೆ ಮಾಡಿ, ನಕಲು ಹೊರಡದಂತೆ ತಡೆಯುತ್ತದೆ.

ಬೆಂಗಳೂರಿನಲ್ಲಿ ಕಂಡದ್ದು

ಈ ವಿಷಯದಲ್ಲಿ ಗಮನಾರ್ಹ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಎನ್. ಬಾಲಾಜಿ ಅವರ ತಂಡ ಮ್ಯಾಕ್ರೊಫೇಜ್ ಮತ್ತು ಟಿಬಿ ಜಾತಿಯ ಬ್ಯಾಕ್ಟೀರಿಯಾಗಳ ಸಂಬಂಧವನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಾ ಬಂದಿದೆ.

2012ರಲ್ಲಿ ಈ ತಂಡ ಮೈಕ್ರೋ ಆರ್‌ಎನ್‌ಎ-155 ಬಗ್ಗೆ ಒಂದು ಪ್ರಬಂಧ ಪ್ರಕಟಿಸಿತು. ಬಿಸಿಜಿ ಬ್ಯಾಕ್ಟೀರಿಯಾ ತಗುಲಿದ ಮ್ಯಾಕ್ರೊಫೇಜ್‌ನಲ್ಲಿ 155 ಹೆಚ್ಚಾಗುತ್ತದೆ, ಆಗ ಆ ಕೋಶ ತಾನಾಗಿ ಸಾಯುತ್ತದೆ ಎಂಬುದು ಅದರ ಸಾರ. ಸೋಂಕಾದ ಕೋಶ ಹೀಗೆ ಅಚ್ಚುಕಟ್ಟಾಗಿ ಸಾಯುವುದು ಬಹಳ ಸಲ ದೇಹಕ್ಕೆ ಒಳ್ಳೆಯದೇ. ಕ್ರಿಮಿಗೆ ಮನೆ ಇಲ್ಲದಂತಾಗುತ್ತದೆ. ಮರುವರ್ಷ ಇದೇ ತಂಡ 31 ಮತ್ತು 150 ಎಂಬ ಇನ್ನೆರಡು ಮೈಕ್ರೋ ಆರ್‌ಎನ್‌ಎಗಳು ಮ್ಯಾಕ್ರೊಫೇಜ್‌ನ ಎಚ್ಚರಿಕೆಯ ಗಂಟೆಯೊಂದನ್ನು ಹೇಗೆ ಮೆದುವಾಗಿಸುತ್ತವೆ ಎಂದು ತೋರಿಸಿತು.

ಇನ್ನು 2016ರ ಒಂದು ಅಮೆರಿಕನ್ ಅಧ್ಯಯನ ನೋಡಿ. ಇಲಿಗಳಿಗೆ ನಿಜವಾದ ಟಿಬಿ ಕ್ರಿಮಿ ಕೊಟ್ಟು ಅದೇ 155ನ್ನು ಗಮನಿಸಿದರು. ಸೋಂಕಿನ ಆರಂಭದಲ್ಲಿ ಅದು ಮ್ಯಾಕ್ರೊಫೇಜ್‌ಗಳನ್ನು ಹೆಚ್ಚು ಕಾಲ ಬದುಕಿಸುತ್ತಿತ್ತು. ಅಂದರೆ ಕ್ರಿಮಿಗೆ ಅನುಕೂಲ. ಮುಂದೆ ಅದೇ 155 ಟಿಬಿ ವಿರುದ್ಧ ಹೋರಾಡುವ ಟಿ ಕೋಶಗಳನ್ನೂ ಬದುಕಿಸಿತು. ಅಂದರೆ ನಮಗೆ ಅನುಕೂಲ.

ಹಾಗಾದರೆ ಯಾವುದು ಸರಿ? ಎರಡು ಅಧ್ಯಯನಗಳಲ್ಲಿ ಬ್ಯಾಕ್ಟೀರಿಯಾ ಬೇರೆ, ನೋಡಿದ ಸಮಯ ಬೇರೆ, ಸಂದರ್ಭ ಬೇರೆ. ಒಂದೇ ಅಣು ಒಂದು ಕೋಶದಲ್ಲಿ ಒಂದು ಕೆಲಸ, ಇನ್ನೊಂದರಲ್ಲಿ ಇನ್ನೊಂದು ಕೆಲಸ ಮಾಡಬಲ್ಲದು. '155 ಒಳ್ಳೆಯದೋ ಕೆಟ್ಟದ್ದೋ' ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ಕೋಶ, ಯಾವ ಹೊತ್ತು ಎಂದು ಕೇಳಬೇಕು.

'ಇಮ್ಯುನಿಟಿ ಹೆಚ್ಚಿಸಿಕೊಳ್ಳಿ' ಎನ್ನುವ ಮಾತು ಏಕೆ ಅರ್ಧಸತ್ಯ?

2024ರ ಆಗಸ್ಟ್‌ನಲ್ಲಿ ಟಿಬಿ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು ಈ ಭಾಗದಲ್ಲಿ ಯಾರಿಗೂ ಮರೆತಿಲ್ಲ. ಗೇಟು ಮುಚ್ಚೇ ಇದ್ದರೆ ಬೆಳೆ ಒಣಗುತ್ತದೆ, ಗೇಟೇ ಇಲ್ಲದಿದ್ದರೆ ಡ್ಯಾಂ ಬರಿದಾಗುತ್ತದೆ.

ರೋಗನಿರೋಧಕ ಶಕ್ತಿಯ ವಿಷಯವೂ ಹಾಗೆಯೇ. ಲಲಿತಾ ರಾಮಕೃಷ್ಣನ್ ಮತ್ತು ಸಹೋದ್ಯೋಗಿಗಳು ಜೀಬ್ರಾ ಮೀನುಗಳಲ್ಲಿ ಟಿಬಿಯ ಸಂಬಂಧಿ ಬ್ಯಾಕ್ಟೀರಿಯಾ ಬಳಸಿ ನಡೆಸಿದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿವೆ. ಟಿಎನ್‌ಎಫ್ ಕಡಿಮೆಯಾದರೆ ಬ್ಯಾಕ್ಟೀರಿಯಾ ಗೆಲ್ಲುತ್ತದೆ. ಅತಿಯಾದರೆ ಮ್ಯಾಕ್ರೊಫೇಜ್‌ಗಳೇ ಒಡೆದು ಸತ್ತು, ಒಳಗಿದ್ದ ಬ್ಯಾಕ್ಟೀರಿಯಾ ಹೊರಗೆ ಚೆಲ್ಲಿ ಇನ್ನಷ್ಟು ಬೆಳೆಯುತ್ತದೆ. ಟಿಬಿ ರೋಗಿಗಳ ಶ್ವಾಸಕೋಶದಲ್ಲಿ ಆಗುವ ತೂತುಗಳಿಗೆ ಕ್ರಿಮಿಯಷ್ಟೇ ಕಾರಣವಲ್ಲ, ದೇಹದ ಅತಿಯಾದ ಉರಿಯೂತವೂ ಕಾರಣ.

ಕೋಶಗಳು ಗೇಟು ಇಳಿಸುವ ಮೈಕ್ರೋ ಆರ್‌ಎನ್‌ಎಗಳನ್ನು ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಟಿಬಿ ಕ್ರಿಮಿ ಆ ವ್ಯವಸ್ಥೆಯ ದುರುಪಯೋಗ ಮಾಡಿಕೊಳ್ಳುತ್ತದೆ ಅಷ್ಟೇ. ಹಾಗಾಗಿ 'ಇಮ್ಯುನಿಟಿ ಬೂಸ್ಟರ್' ಎಂದು ಮಾರುವ ಪುಡಿ, ಟಾನಿಕ್, ಕಷಾಯ ಟಿಬಿಯನ್ನು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಒಂದು ಪ್ರಶ್ನೆ ಕೇಳಿ: ಯಾವ ಗೇಟನ್ನು, ಯಾವ ಕೋಶದಲ್ಲಿ, ಎಷ್ಟು ಎತ್ತುತ್ತದೆ?

ಹಾಗಾದರೆ ಇದು ವಂಶದ ರೋಗವೇ?

ಅಲ್ಲ. ಆರ್‌ಎನ್‌ಎ, ಜೀನ್ ಎಂಬ ಪದ ಕೇಳಿದ ಕೂಡಲೇ 'ಹಾಗಿದ್ದರೆ ರಕ್ತದಲ್ಲೇ ಇದೆ ಎಂದಾಯಿತಲ್ಲ' ಎನ್ನುವವರಿದ್ದಾರೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು.

ಟಿಬಿ ಬರಲು ಕ್ರಿಮಿ ಬೇಕೇ ಬೇಕು. ಅದು ಗಾಳಿಯಿಂದ ಬರುತ್ತದೆ, ತಾಯಿತಂದೆಯ ಜೀನ್‌ನಿಂದಲ್ಲ. ಒಂದೇ ಮನೆಯಲ್ಲಿ ಹಲವರಿಗೆ ಬಂದರೆ ಅದಕ್ಕೆ ಮುಖ್ಯ ಕಾರಣ ಹಂಚಿಕೊಂಡ ಗಾಳಿ. ಹುಟ್ಟಿನಿಂದ ಬಂದ ಜೀನ್ ವ್ಯತ್ಯಾಸಗಳಿಗೆ ಒಂದಷ್ಟು ಪಾತ್ರವಿದೆ, ಆದರೆ ಅದರಿಂದ ಯಾರ ಹಣೆಬರಹವೂ ತೀರ್ಮಾನವಾಗುವುದಿಲ್ಲ. ಮೈಕ್ರೋ ಆರ್‌ಎನ್‌ಎ ಪ್ರಮಾಣ ಹುಟ್ಟಿನಿಂದ ಸಾಯುವವರೆಗೆ ಒಂದೇ ಇರುವುದಿಲ್ಲ. ಸೋಂಕಾದರೆ ಗಂಟೆಗಳಲ್ಲಿ ಬದಲಾಗುತ್ತದೆ.

ದೇಹದ ಲೆಕ್ಕಾಚಾರವನ್ನು ಕೆಡಿಸುವ ದೊಡ್ಡ ಕಾರಣಗಳು ಬೇರೆಯೇ ಇವೆ. ಹೊಟ್ಟೆ ತುಂಬ ಪೌಷ್ಟಿಕ ಊಟವಿಲ್ಲದಿರುವುದು, ಎಚ್‌ಐವಿ, ಬೀಡಿ ಸಿಗರೇಟು, ಮದ್ಯಪಾನ. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಅಪಾಯ ಎರಡು ಮೂರು ಪಟ್ಟು ಹೆಚ್ಚು. ಕಲ್ಲು ಕ್ರಷರ್, ಗಣಿಗಳಲ್ಲಿ ಏಳುವ ಸಿಲಿಕಾ ದೂಳು ಮ್ಯಾಕ್ರೊಫೇಜ್‌ಗಳನ್ನೇ ಹಾಳು ಮಾಡುತ್ತದೆ. ಗಾಳಿಯಾಡದ ಕೋಣೆಯಲ್ಲಿ ಒತ್ತೊತ್ತಾಗಿ ಕುಳಿತು ಜೀನ್ಸ್ ಹೊಲಿಯುವವರು, ಒಂದೇ ಕೋಣೆಯಲ್ಲಿ ಮಲಗುವವರು ಉಸಿರಾಡುವ ಕ್ರಿಮಿಯ ಪ್ರಮಾಣವೇ ಹೆಚ್ಚಿರಬಹುದು. ಇದರಲ್ಲಿ ಯಾವುದೂ ಶಾಪವಲ್ಲ. ಬಹುಪಾಲು ಬಡತನ ಮತ್ತು ಕೆಲಸದ ಜಾಗದ ಸಮಸ್ಯೆ.

ಇದರಿಂದ ಹೊಸ ಪರೀಕ್ಷೆ, ಹೊಸ ಔಷಧಿ ಬಂದಿದೆಯೇ?

ಇನ್ನೂ ಇಲ್ಲ. ಮೈಕ್ರೋ ಆರ್‌ಎನ್‌ಎಗಳು ರಕ್ತದಲ್ಲೂ ಸಿಗುತ್ತವೆ. ಅವನ್ನು ಅಳೆದು, ಸೋಂಕು ಮಾತ್ರ ಇರುವವರು ಯಾರು, ಕಾಯಿಲೆ ಬೀಳಲಿರುವವರು ಯಾರು ಎಂದು ಮೊದಲೇ ಹೇಳಬಹುದೇ ಎಂದು ಹಲವು ದೇಶಗಳಲ್ಲಿ ಪ್ರಯತ್ನ ನಡೆದಿದೆ. ಆದರೆ ಒಂದು ಅಧ್ಯಯನದ ಪಟ್ಟಿ ಇನ್ನೊಂದಕ್ಕೆ ಸರಿಯಾಗಿ ಹೊಂದುತ್ತಿಲ್ಲ. ಹೆಚ್ಚಿನವು ಸಣ್ಣ ಅಧ್ಯಯನಗಳು. ಗೇಟು ಸರಿಪಡಿಸುವ ಔಷಧಿಯನ್ನು ಬೇಕಾದ ಕೋಶಕ್ಕೆ ಮಾತ್ರ ತಲುಪಿಸುವುದೂ ಸುಲಭವಲ್ಲ. 155ರ ಕತೆ ನೋಡಿದಿರಲ್ಲ, ತಪ್ಪು ಹೊತ್ತಿನಲ್ಲಿ ತಿರುಗಿಸಿದರೆ ಕ್ರಿಮಿಗೇ ಸಹಾಯವಾಗಬಹುದು.

ಹಾಗಾಗಿ ಯಾರಾದರೂ 'ಆರ್‌ಎನ್‌ಎ ಟೆಸ್ಟ್ ಮಾಡಿ ನಿಮಗೆ ಟಿಬಿ ಬರುತ್ತದೋ ಇಲ್ಲವೋ ಹೇಳುತ್ತೇವೆ' ಎಂದು ಹಣ ಕೇಳಿದರೆ ನಂಬಬೇಡಿ. ಅಂಥ ಪರೀಕ್ಷೆ ರಾಷ್ಟ್ರೀಯ ಟಿಬಿ ಕಾರ್ಯಕ್ರಮದಲ್ಲಿ ಇಲ್ಲ.

ಇವತ್ತು ನಮ್ಮ ಕೈಯಲ್ಲಿರುವುದು ಏನು?

ಸಾಕಷ್ಟಿದೆ. ಅದರಲ್ಲೂ ಗೇಟುಗಳ ಬಗ್ಗೆ ತಿಳಿದ ಮೇಲೆ ಇವುಗಳ ಅರ್ಥ ಇನ್ನೂ ಚೆನ್ನಾಗಿ ಆಗುತ್ತದೆ.

ಎರಡು ವಾರ ದಾಟಿದ ಕೆಮ್ಮನ್ನು ಕಡೆಗಣಿಸಬೇಡಿ. ಮೆಣಸಿನಕಾಯಿ ಘಾಟು, ರೈಸ್ ಮಿಲ್ಲಿನ ದೂಳು, ಬೀಡಿ ಎಂದು ಕಾರಣ ಹುಡುಕುತ್ತಾ ಕೂತರೆ ತಿಂಗಳು ಕಳೆಯುತ್ತದೆ. ಸರ್ಕಾರಿ ಆಸ್ಪತ್ರೆಗಳ ಮೂಲಕ ಕಫ ಪರೀಕ್ಷೆ ಉಚಿತ. ಈಗ ಬಳಕೆಯಲ್ಲಿರುವ ಟ್ರೂನ್ಯಾಟ್ ಎಂಬ ಯಂತ್ರ ಕ್ರಿಮಿಯ ಡಿಎನ್‌ಎಯನ್ನೇ ಹುಡುಕಿ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುತ್ತದೆ. ಅದರ ತಂತ್ರಜ್ಞಾನ ಬೆಳೆದದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ.

ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಉಳಿದ ನಾಲ್ಕು ತಿಂಗಳು ಮೂರು. ಒಂದೆರಡು ತಿಂಗಳಲ್ಲಿ ಕೆಮ್ಮು ನಿಂತು ತೂಕ ಏರಿದಾಗ 'ವಾಸಿಯಾಯಿತು' ಅನ್ನಿಸುತ್ತದೆ. ಆದರೆ ನಿಧಾನವಾಗಿ ಬೆಳೆಯುವ, ಕೋಶದೊಳಗೆ ಅಡಗಿ ಕೂತ ಕ್ರಿಮಿಗಳು ಇನ್ನೂ ಇರುತ್ತವೆ. ಆಗ ಬಿಟ್ಟರೆ ಕಾಯಿಲೆ ಮರಳಬಹುದು, ಔಷಧಿಗೆ ಬಗ್ಗದ ಟಿಬಿಯಾಗಿ ಮರಳಬಹುದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ಕೈಕಾಲು ಜುಮುಗುಟ್ಟಿದರೆ ಮಾತ್ರ ತಡಮಾಡದೆ ವೈದ್ಯರಿಗೆ ಹೇಳಿ.

ಮನೆಯ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಲಿ. ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಅವರಿಗೆ ಟಿಬಿ ತಡೆ ಚಿಕಿತ್ಸೆ ಕೊಡುತ್ತಾರೆ. 'ಕಾಯಿಲೆ ಇಲ್ಲದವನಿಗೆ ಮಾತ್ರೆ ಏಕೆ' ಎಂದು ಕೇಳುವವರಿಗೆ ಈಗ ನೀವೇ ಉತ್ತರ ಹೇಳಬಹುದು: ಕೋಟೆಯೊಳಗೆ ಕ್ರಿಮಿ ಇರಬಹುದು, ಕೋಟೆ ಒಡೆಯುವ ಮೊದಲೇ ಅದನ್ನು ಮುಗಿಸಬೇಕು.

ಊಟ. ಇದಕ್ಕೆ ಗಟ್ಟಿಯಾದ ಪುರಾವೆ ಬಂದದ್ದೂ ನಮ್ಮವರಿಂದಲೇ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿದ 'ರೇಷನ್ಸ್' ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಟಿಬಿ ರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆ, ಪೋಷಕಾಂಶದ ಮಾತ್ರೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ 40ರಷ್ಟು ಕಡಿಮೆಯಾಯಿತು. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಿಗೆ ಸಾವಿನ ಅಪಾಯ ಕಡಿಮೆಯಿತ್ತು. ಯಾವ ಬೂಸ್ಟರ್ ಡಬ್ಬಿಗೂ ಇಂಥ ಪುರಾವೆ ಇಲ್ಲ. ಸಿರುಗುಪ್ಪದಂಥ ಭತ್ತದ ನಾಡಿನಲ್ಲಿ ಅನ್ನಕ್ಕೆ ಕೊರತೆ ಇಲ್ಲದಿರಬಹುದು. ತಟ್ಟೆಗೆ ಬೇಳೆ, ಮೊಟ್ಟೆ, ಹಾಲು, ಶೇಂಗಾ ಬರುತ್ತದೆಯೇ ಎಂದು ನೋಡಬೇಕು. ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಸಿಗುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಮಾಹಿತಿಗೆ ಉಚಿತ ಸಹಾಯವಾಣಿ 1800-11-6666.

ಕೊನೆಯದಾಗಿ, ನಂಬಿಕೆ ಮತ್ತು ವಾಸ್ತವ

- ತಟ್ಟೆ ಲೋಟದಿಂದ ಟಿಬಿ ಬರುತ್ತದೆ: ಇಲ್ಲ. ಗಾಳಿಯಿಂದ ಬರುತ್ತದೆ. ತಟ್ಟೆ ಬೇರೆ ಇಡುವ ಬದಲು ಕಿಟಕಿ ತೆರೆಯಿರಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ.
- ಟಿಬಿ ವಂಶದಿಂದ ಬರುತ್ತದೆ: ಇಲ್ಲ. ಮದುವೆ ಸಂಬಂಧ ಮುರಿಯಲು ಇದು ಕಾರಣವಲ್ಲ.
- ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿದ್ದೇವೆ, ಇನ್ನು ಭಯವಿಲ್ಲ: ಬಿಸಿಜಿ ಮಕ್ಕಳನ್ನು ಮಿದುಳಿನ ಟಿಬಿಯಂಥ ತೀವ್ರ ರೂಪಗಳಿಂದ ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿಗೆ ಅದರ ರಕ್ಷಣೆ ನೆಚ್ಚುವಂಥದ್ದಲ್ಲ.
- ಕೆಮ್ಮು ನಿಂತರೆ ಗುಣವಾದಂತೆ: ಇಲ್ಲ. ವೈದ್ಯರು ನಿಲ್ಲಿಸಿ ಎಂದಾಗ ಮಾತ್ರ ನಿಲ್ಲಿಸಿ.

ಟಿಬಿ ಬಂದವರ ದೇಹ ಸೋತದ್ದಕ್ಕೆ ಅವರ ಗುಣ, ನಡತೆ, ಕುಲ ಕಾರಣವಲ್ಲ. ಕೋಟ್ಯಂತರ ಕೋಶಗಳಲ್ಲಿ, ಕಣ್ಣಿಗೆ ಕಾಣದ ಸಾವಿರಾರು ಗೇಟುಗಳ ಏರಿಳಿತದಲ್ಲಿ ಕ್ರಿಮಿಗೆ ಒಂದು ಕಡೆ ಅವಕಾಶ ಸಿಕ್ಕಿದೆ, ಅಷ್ಟೇ. ಆ ಅವಕಾಶವನ್ನು ಆರು ತಿಂಗಳ ಮಾತ್ರೆ ಮತ್ತು ಒಳ್ಳೆಯ ಊಟದಿಂದ ಮುಚ್ಚಬಹುದು. ಅದಕ್ಕೆ ಮನೆಯವರು ಜೊತೆಗಿರಬೇಕು.